ಹಿಂಬಾಗಿಲ ಕಾಲ್ಗುಣ

ನಾನು ರಾಜಕೀಯಕ್ಕೆ ಬಂದದ್ದು ವಿಧವೆ ಎಂಬ ಒಂದೇ ಅರ್ಹತೆಯ ಮೇಲೆ. ಇದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ, ನಿಜ. ಆದರೆ ದೇಶದ ಮೊದಲ ಚುನಾವಣೆಯ ಹೊತ್ತಿಗೆ ಪಕ್ಷದ ನಾಲ್ಕು ಗಂಡಸರು ಮಾಟುಂಗದ ನಮ್ಮ ಮನೆಗೆ ಬಂದು, ಚಾಪೆಯ ಮೇಲೆ ಕೂತು, ನಮ್ಮ ವೈನಿ, ಅಂದರೆ ಅಣ್ಣನ ಹೆಂಡತಿ, ಕೊಟ್ಟ ಅವಲಕ್ಕಿ ತಿನ್ನುತ್ತ ಮಾತಾಡಿದ ಧಾಟಿ ನೋಡಿದ್ದರೆ ಎಂಥ ಪೆದ್ದರಿಗೂ ತಿಳಿಯುತ್ತಿತ್ತು. ಅವರು ಒಮ್ಮೆಯೂ ನನ್ನ ಮುಖ ನೋಡಲಿಲ್ಲ. ಗೋಡೆಯ ಮೇಲಿದ್ದ ನನ್ನ ಗಂಡನ ಫೋಟೋ ನೋಡುತ್ತಿದ್ದರು. ಅದಕ್ಕೆ ಹಾಕಿದ್ದ ಗಂಧದ ಹಾರ ಹಳತಾಗಿದೆ, ಹೊಸದು ಹಾಕಿಸಬೇಕು ಎಂದು ಒಬ್ಬರು ಸಲಹೆಯನ್ನೂ ಕೊಟ್ಟರು.

ಅವರಿಗೆ ಒಬ್ಬ ಹೆಂಗಸು ಬೇಕಾಗಿತ್ತು, ದಕ್ಷಿಣದ ಕಡೆಯ ಮಂದಿಯ ಓಟು ತರುವವರು ಬೇಕಾಗಿತ್ತು, ಸ್ವಾತಂತ್ರ್ಯಕ್ಕಾಗಿ ಜೀವ ಕೊಟ್ಟವರ ಮನೆಯವರು ಬೇಕಾಗಿತ್ತು. ನಾನು ಸಿಕ್ಕೆ. ಒಂದೇ ಕಲ್ಲಿಗೆ ಮೂರು ಹಕ್ಕಿ.

ನನ್ನ ಗಂಡ ಫೋರ್ಟಿನ ಒಂದು ಆಫೀಸಿನಲ್ಲಿ ಗುಮಾಸ್ತರಾಗಿದ್ದರು. ಚಳವಳಿಯಲ್ಲಿ ಕರಪತ್ರ ಹಂಚಿ ಜೈಲಿಗೆ ಹೋದರು, ಅಲ್ಲಿಂದ ಕೆಮ್ಮು ಹತ್ತಿಸಿಕೊಂಡು ಬಂದರು, ಆ ಕೆಮ್ಮಿನಲ್ಲೇ ಹೋದರು. ಅವರು ಹಾಸಿಗೆ ಹಿಡಿದಾಗ ಈ ಪಕ್ಷದ ಒಬ್ಬನೂ ಒಂದು ಮೂಸಂಬಿ ಹಿಡಿದುಕೊಂಡು ಬಂದವನಲ್ಲ. ಸತ್ತ ಮೇಲೆ ಎಲ್ಲರಿಗೂ ಅವರ ನೆನಪಾಯಿತು. ಧಾರವಾಡದಿಂದ ಬಂದ ನಮ್ಮ ಅತ್ತೆಯವರ ವಿಚಾರವೇ ಬೇರೆ. ಅವರ ಪ್ರಕಾರ ಮಗನನ್ನು ಕೊಂದದ್ದು ಜೈಲೂ ಅಲ್ಲ, ಬ್ರಿಟಿಷರೂ ಅಲ್ಲ. "ಎಲ್ಲಾ ಇಕಿ ಕಾಲ್ಗುಣ" ಎಂದು ಮಾತಾಡಿಸಲು ಬಂದವರೆದುರೆಲ್ಲ ಹೇಳಿದರು. ಹೊಸ್ತಿಲು ದಾಟಿ ಬಂದ ಹೆಂಗಸಿನ ಪಾದದಿಂದಲೇ ಮನೆಯ ಒಳಿತು ಕೆಡುಕು ಎಂದು ನಂಬುವ ನಮ್ಮ ಮಂದಿಗೆ ಡಾಕ್ಟರ ಮಾತಿಗಿಂತ ಈ ಮಾತು ಬೇಗ ಒಪ್ಪಿಗೆಯಾಯಿತು. ನಾನು ಅಣ್ಣನ ಮನೆ ಸೇರಿದೆ. ಅಣ್ಣ ದಿನಾ ಲೋಕಲ್ ರೈಲು ಹಿಡಿದು ವಿಕ್ರೋಳಿಯ ಕಾರ್ಖಾನೆಗೆ ಹೋಗುತ್ತಿದ್ದ. ನಾನು ನಡೆದುಕೊಂಡು ಧಾರಾವಿಯ ಅಂಚಿನಲ್ಲಿದ್ದ ಕನ್ನಡ ಶಾಲೆಗೆ ಕಲಿಸಲು ಹೋಗುತ್ತಿದ್ದೆ.

ಆ ಶಾಲೆಯ ದೆಸೆಯಿಂದಲೇ ನಾನು ಚುನಾವಣೆಗೆ ಒಪ್ಪಿದ್ದು. ಬಿಜಾಪುರದ ಕಡೆಯಿಂದ ಬಂದು ಚರ್ಮ ಹದ ಮಾಡುವ ಕೆಲಸಕ್ಕೆ ಸೇರಿದವರ ಮಕ್ಕಳು ನನ್ನ ತರಗತಿಯಲ್ಲಿ ಬಹಳ ಇದ್ದರು. ಅವರಲ್ಲಿ ಒಬ್ಬ ಹುಡುಗಿ ಕೆಲವು ದಿನ ಬರದೇ ಹೋದಾಗ ವಿಚಾರಿಸಲು ಅವರ ಗುಡಿಸಲಿಗೆ ಹೋದೆ. ಹುಡುಗಿಯ ಅಜ್ಜಿ ಬಾಗಿಲಲ್ಲಿ ಕೂತಿದ್ದಳು. ಅವಳೂ ನನ್ನಂತೆ ವಿಧವೆ. ಹೆರಿಗೆ ನೋವು ತಿನ್ನುತ್ತಿದ್ದ ಮಗಳನ್ನು, ಅಂದರೆ ಹುಡುಗಿಯ ತಾಯಿಯನ್ನು, ಕೈಗಾಡಿಯ ಮೇಲೆ ಮಲಗಿಸಿ ಪರೇಲಿನ ದೊಡ್ಡ ಆಸ್ಪತ್ರೆಗೆ ತಳ್ಳಿಕೊಂಡು ಹೊರಟಿದ್ದರಂತೆ. ದಾರಿಯಲ್ಲೇ ತಾಯಿ ಕೂಸು ಎರಡೂ ಹೋಗಿದ್ದವು. ಅಜ್ಜಿ ಅಳುತ್ತಿರಲಿಲ್ಲ. "ದವಾಖಾನಿ ದೂರ ಆತ್ರಿ ಅಕ್ಕೋರ" ಎಂದಳು. ನಮ್ಮ ಕಡೆ ಶಾಲೆ ಕಲಿಸುವ ಹೆಂಗಸಿಗೆ ಅಕ್ಕೋರು ಅನ್ನುತ್ತಾರೆ. ಅವಳು ಹೇಳಿದ್ದು ಅಷ್ಟೇ, ಆದರೆ ಆ ಮಾತು ನನ್ನನ್ನು ಬಿಡಲಿಲ್ಲ.

ಹಾಗಾಗಿ ಚಾಪೆಯ ಮೇಲೆ ಕೂತವರಿಗೆ ನಾನು ಒಂದೇ ಷರತ್ತು ಹಾಕಿದೆ. ಗೆದ್ದರೆ ಧಾರಾವಿಯಲ್ಲಿ ಒಂದು ಹೆರಿಗೆ ಮನೆ ಆಗಬೇಕು.

ಅವರಲ್ಲಿ ಒಬ್ಬರು ಪಕ್ಷದ ನಮ್ಮ ಭಾಗದ ಅಧ್ಯಕ್ಷರು, ಉಡುಪಿಯವರು. ಸ್ಟೇಷನ್ನಿನ ಹತ್ತಿರ ಅವರ ಹೋಟೆಲು. ಗಲ್ಲಾದ ಹಿಂದೆ ಕೂತೇ ದೇಶೋದ್ಧಾರ ಮಾಡುತ್ತಿದ್ದರು. ಪ್ರತಿವರ್ಷ ಮಾಟುಂಗದ ನಮ್ಮ ಕನ್ನಡ ಸಂಘದಲ್ಲಿ ವಿಧವಾ ವಿವಾಹದ ಬಗ್ಗೆ ಭಾಷಣ ಮಾಡಿ, ತಮ್ಮ ಮಾತಿಗೆ ತಾವೇ ಕರಗಿ ಕಣ್ಣೊರೆಸಿಕೊಳ್ಳುತ್ತಿದ್ದರು. ಅವರದೇ ವಿಧವೆ ತಂಗಿ ಹೋಟೆಲಿನ ಹಿಂದಿನ ಕೋಣೆಯಲ್ಲಿ ಕೂತು ಇಡ್ಲಿಗೆ ರುಬ್ಬುತ್ತಿದ್ದಳು. ಪುರಾಣ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ.

"ನೀವು ಗೆದ್ದು ಬನ್ನಿ ಟೀಚರೇ. ಹೆರಿಗೆ ಮನೆ ಎಂತ ದೊಡ್ಡ ಸಂಗತಿ? ನಾನು ಮಾಡಿಸಿ ಕೊಡ್ತೇನೆ" ಎಂದರು ಅಧ್ಯಕ್ಷರು, ಒಳಗಿನವರಿಗೆ ಒಂದು ಮಸಾಲೆ ದೋಸೆ ಕೂಗಿ ಹೇಳಿದಷ್ಟು ಸಲೀಸಾಗಿ.

ಮೊದಲು ಅವರು ಕೈಹಾಕಿದ್ದು ನನ್ನ ಸೀರೆಗೆ. ಕುಂಕುಮ ಒಂದು ಬಿಟ್ಟರೆ ನಾನು ಎಲ್ಲರಂತೆ ಇದ್ದವಳು. ಶಾಲೆಗೆ ತಿಳಿನೀಲಿ, ನಸುಗೆಂಪು ಸೀರೆ ಉಟ್ಟುಕೊಂಡು ಹೋಗುತ್ತಿದ್ದೆ. ಅತ್ತೆಯವರು ಎಷ್ಟು ಹಟ ಮಾಡಿದರೂ ಬಿಳಿ ಉಟ್ಟವಳಲ್ಲ. ಆದರೆ ಪ್ರಚಾರಕ್ಕೆ ಬಿಳಿಯೇ ಆಗಬೇಕೆಂದು ಅಧ್ಯಕ್ಷರು ಪಟ್ಟು ಹಿಡಿದರು. ಅಂಚಿಲ್ಲದ ಬಿಳಿ ಸೀರೆ, ಕೈಯಲ್ಲಿ ಗಂಡನ ಫೋಟೋ. ನಾನು ವೇದಿಕೆ ಹತ್ತಿದರೆ ಹೆಂಗಸರು ಅಳಬೇಕು, ಅದು ಅವರ ಲೆಕ್ಕಾಚಾರ. ಅತ್ತೆಯವರ ಕೈಯಲ್ಲಿ ಆಗದ್ದನ್ನು ಪ್ರಗತಿಪರ ಪಕ್ಷ ಒಂದು ಮಧ್ಯಾಹ್ನದಲ್ಲಿ ಮಾಡಿ ಮುಗಿಸಿತು. ಹೆರಿಗೆ ಮನೆಗಾಗಿ ಉಟ್ಟೆ.

ಓಟು ಬಿದ್ದದ್ದು ಸಂಕ್ರಾಂತಿಯ ಆಸುಪಾಸಿನಲ್ಲಿ. ಈ ಊರಿನಲ್ಲಿ ಸಂಕ್ರಾಂತಿಯಿಂದ ರಥಸಪ್ತಮಿಯ ತನಕ ಅರಿಸಿನ ಕುಂಕುಮದ ಸುಗ್ಗಿ. ಒಂದೊಂದು ದಿನ ಒಂದೊಂದು ಮನೆಯವರು ಕರೆಯುತ್ತಾರೆ. ಚಾಳಿನ, ಅಂದರೆ ವಠಾರದ, ಮುತ್ತೈದೆಯರೆಲ್ಲ ಹೋಗಿ ಅರಿಸಿನ ಕುಂಕುಮ ಹಚ್ಚಿಸಿಕೊಂಡು, ಎಳ್ಳುಂಡೆ, ಬಾಚಣಿಗೆ ಇಂಥದೇನಾದರೂ ತೆಗೆದುಕೊಂಡು ಬರುತ್ತಾರೆ. ಗಂಡಸರ ಸಭೆಗೆ ಬಾರದ ಹೆಂಗಸರು ಇದಕ್ಕೆ ತಪ್ಪದೇ ಬರುತ್ತಾರೆ ಎಂಬುದು ಅಧ್ಯಕ್ಷರ ತಲೆಗೆ ಹೊಳೆಯಿತು. ನಮ್ಮ ಸಂಘದ ಹಾಲಿನಲ್ಲಿ ದೊಡ್ಡ ಅರಿಸಿನ ಕುಂಕುಮ ಇಟ್ಟುಕೊಳ್ಳುವುದು, ಕ್ಷೇತ್ರದ ಹೆಂಗಸರನ್ನೆಲ್ಲ ಕರೆಯುವುದು ಎಂದು ತೀರ್ಮಾನವಾಯಿತು. ಕನ್ನಡ ಮರಾಠಿ ಎರಡರಲ್ಲೂ ಕೈಪತ್ರ ಅಚ್ಚಾಗಿ ಚಾಳು ಚಾಳಿಗೂ ಹಂಚಿಕೆಯಾಯಿತು. ನಮ್ಮ ಅಭ್ಯರ್ಥಿಯವರು ಸ್ವಹಸ್ತದಿಂದ ಎಲ್ಲ ಸುವಾಸಿನಿಯರಿಗೂ ಅರಿಸಿನ ಕುಂಕುಮ ಹಚ್ಚುವರು, ಎಂದು ಅದರಲ್ಲಿ ದಪ್ಪ ಅಕ್ಷರದಲ್ಲಿತ್ತು.

ವೈನಿ ಅದನ್ನು ಓದಿ ಒಲೆಯ ಮುಂದೆ ಹಾಗೇ ಕೂತುಬಿಟ್ಟಳು. "ನಿಮ್ಮ ಮಂದಿಗೆ ತಲಿ ಗಿಲಿ ಕೆಟ್ಟೇತೇನು? ನಿಮ್ಮ ಕೈಲೆ ಕುಂಕುಮ ಯಾರು ಹಚ್ಚಿಸ್ಕೋತಾರ?"

ಮನೆಮನೆಗೆ ನನ್ನ ವೈಧವ್ಯವನ್ನು ಮೆರವಣಿಗೆ ಮಾಡಿದ ಮಹಾಶಯರಿಗೆ ವಿಧವೆ ಕುಂಕುಮ ಹಚ್ಚುವ ಪದ್ಧತಿಯಿಲ್ಲ ಎಂಬುದೇ ಮರೆತುಹೋಗಿತ್ತು. ನಾನೇ ಹೋಟೆಲಿಗೆ ಹೋಗಿ ಹೇಳಿದೆ. ಅಧ್ಯಕ್ಷರು ಗಲ್ಲಾದಿಂದ ಎದ್ದು ನಿಂತರು. "ಅಯ್ಯೋ ದೇವರೇ! ಅದು ಹೊಳೀಲೇ ಇಲ್ಲ ಮಾರ್ರೆ!" ಎಂದರು.

ಕೂಡಲೇ ಹೋಟೆಲಿನ ಮಹಡಿಯ ಮೇಲೆ ಸಭೆ ಸೇರಿತು. ಕಾಫಿಯ ಮೇಲೆ ಕಾಫಿ ಬಂತು. ರದ್ದು ಮಾಡಿದರೆ ಮಾನ ಹೋಗುತ್ತದೆ, ಮಾಡಿದರೆ ಓಟು ಹೋಗುತ್ತದೆ. ಆ ಸಭೆಯಲ್ಲಿ ವಿಧವೆಯರ ಬಗ್ಗೆ ಲೇಖನ ಬರೆದವರು ಇದ್ದರು, ಭಾಷಣ ಮಾಡಿದವರು ಇದ್ದರು. ಹಚ್ಚಲಿ ಬಿಡಿ, ಏನಾಗುತ್ತದೆ ನೋಡೋಣ ಅನ್ನುವ ಗಂಡಸು ಮಾತ್ರ ಒಬ್ಬನೂ ಇರಲಿಲ್ಲ. ಒಬ್ಬ ವಕೀಲರು ಬಹಳ ಯೋಚಿಸಿ, ನಾನು ಬೆಳ್ಳಿಯ ಕಡ್ಡಿಯಿಂದ ಕುಂಕುಮ ಇಟ್ಟರೆ ಕೈ ತಾಗಿದಂತಾಗುವುದಿಲ್ಲವಲ್ಲ ಎಂದರು. ಬ್ಯಾರಿಸ್ಟರ್ ಪರೀಕ್ಷೆಗೆ ವಿಲಾಯತಿಗೆ ಹೋಗಿ ಬಂದ ತಲೆ ಅದು.

"ಕಡ್ಡಿ ಯಾಕರಿ, ನನ್ನ ಬದಲಿ ನಮ್ಮ ವೈನೀನ ನಿಂದರಸ್ರಿ" ಎಂದೆ. ನಾನು ಸಿಟ್ಟಿನಿಂದ ಹೇಳಿದ್ದು ಚುನಾವಣೆಗೆ. ಅವರು ತಿಳಿದುಕೊಂಡದ್ದು ಕುಂಕುಮಕ್ಕೆ. ಎಲ್ಲರ ಮುಖವೂ ಅರಳಿತು. ವೈನಿ ಕುಂಕುಮ ಹಚ್ಚುವುದು, ಅಷ್ಟು ಹೊತ್ತು ನಾನು ಹಾಲಿನ ಹಿಂದಿನ ಕೋಣೆಯಲ್ಲಿ ಕೂತಿರುವುದು, ಎಲ್ಲ ಮುಗಿದ ಮೇಲೆ ಬಂದು ಭಾಷಣ ಮಾಡುವುದು.

ಹಾಗೇ ಆಯಿತು. ವೈನಿ ಇರಕಲ್ ಸೀರೆ ಉಟ್ಟು, ಮೂಗಿನಲ್ಲಿ ನತ್ತು ಹಾಕಿ ನಿಂತಳು. ಬಂದ ಹೆಂಗಸರಿಗೆ ಲೆಕ್ಕವಿಲ್ಲ. ಹಚ್ಚಿಸಿಕೊಂಡರು, ಬಾಚಣಿಗೆ ತಗೊಂಡರು, ಸೆರಗಿನಲ್ಲಿ ಎಳ್ಳುಂಡೆ ಕಟ್ಟಿಕೊಂಡರು, ಹೊರಟರು. ಹಿಂದಿನ ಕೋಣೆಯಲ್ಲಿ ಕೂತ ನನಗೆ ಅವರ ಮಾತು ಕೇಳುತ್ತಿತ್ತು. "ಓಟು ನಿಮಗೇ ಬಾಯಿ, ಚಿಂತಿ ಮಾಡಬ್ಯಾಡ್ರಿ" ಎಂದು ಎಲ್ಲರೂ ವೈನಿಗೆ ಆಶ್ವಾಸನೆ ಕೊಟ್ಟು ಹೋಗುತ್ತಿದ್ದರು. ಕುಂಕುಮ ಹಚ್ಚಿದವಳೇ ಅಭ್ಯರ್ಥಿ ಎಂದು ಅವರು ತಿಳಿದರೆ ಅದು ಅವರ ತಪ್ಪಲ್ಲ, ಕೈಪತ್ರದಲ್ಲೇ ಹಾಗಿತ್ತು. ಮೊದಲು ವೈನಿ ಬಿಡಿಸಿ ಹೇಳುತ್ತಿದ್ದಳು. ಆಮೇಲೆ ಬೇಸತ್ತು "ಹೂಂ, ಆಗಲಿ" ಅನ್ನತೊಡಗಿದಳು. ನನ್ನ ಭಾಷಣದ ಹೊತ್ತಿಗೆ ಹಾಲಿನಲ್ಲಿ ಉಳಿದವರು ಪಕ್ಷದ ಗಂಡಸರು ಮತ್ತು ಕುರ್ಚಿಗಳು.

ಕುರ್ಚಿಗಳಿಗೆ ಭಾಷಣ ಮಾಡಲು ಮನಸ್ಸಾಗದೆ ಹಿಂದಿನ ಬಾಗಿಲಿನಿಂದ ಓಣಿಗೆ ಇಳಿದೆ. ಅಲ್ಲಿ ಗೋಡೆಗೆ ಆತುಕೊಂಡು ಒಂದಷ್ಟು ಹೆಂಗಸರು ನಿಂತಿದ್ದರು. ಒಬ್ಬರ ಹಣೆಯಲ್ಲೂ ಕುಂಕುಮವಿಲ್ಲ. ಧಾರಾವಿಯಿಂದ ಪಕ್ಷದ ಪ್ರಚಾರ ಮೆರವಣಿಗೆಯ ಜೊತೆ ನಡೆದು ಬಂದವರು, ಒಳಗೆ ಹೋಗಬಾರದೆಂದು ತಾವೇ ತಿಳಿದು ಹಿಂದೆ ನಿಂತವರು. ನಡುವೆ ಆ ಅಜ್ಜಿ.

"ಅಕ್ಕೋರ, ನಮಗ ಕುಂಕುಮ ಕೊಡಂಗಿಲ್ಲ ಅಂತ ಗೊತ್ತೈತ್ರಿ. ನಮ್ಮ ಓಟಾದ್ರೂ ಇಸ್ಕೊಂತೀರೋ ಇಲ್ರಿ?" ಎಂದು ಕೇಳಿದಳು.

ನಾನು ಮೆಟ್ಟಿಲ ಮೇಲೆ ಕೂತೆ. ಒಳಗೆ ಉಳಿದಿದ್ದ ಎಳ್ಳುಂಡೆಯ ಬುಟ್ಟಿಯನ್ನು ತರಿಸಿ ಅವರಿಗೆ ಹಂಚಿದೆ. ನನ್ನ ಚುನಾವಣಾ ಭಾಷಣ ಆದದ್ದು ಅಲ್ಲಿ. ಅಜ್ಜಿಗೆ ಒಬ್ಬ ಮಗನೂ ಇದ್ದ. ಅವನಿಗೆ ಮದುವೆ ಮಾಡಬೇಕು, ಆದರೆ ಬರುವ ಸೊಸೆಯೂ ಕೈಗಾಡಿ ಹತ್ತುವುದಾದರೆ ಮದುವೆಯೇ ಬೇಡ ಎಂದಳು. "ಹಂಗಾಗಾಕ ಬಿಡಂಗಿಲ್ಲ" ಎಂದು ನಾನು ಅವಳ ಕೈ ಹಿಡಿದು ಹೇಳಿದೆ. ರಾಜಕೀಯದಲ್ಲಿ ನಾನು ಕೊಟ್ಟ ಮಾತು ಅದೊಂದೇ.

ಆಗ ಒಬ್ಬೊಬ್ಬ ಅಭ್ಯರ್ಥಿಗೂ ಬೇರೆ ಬೇರೆ ಓಟಿನ ಪೆಟ್ಟಿಗೆ, ಮೇಲೆ ಚಿಹ್ನೆಯ ಚಿತ್ರ. ಓಟಿನ ದಿನ ಮಧ್ಯಾಹ್ನದ ಹೊತ್ತಿಗೆ ನನ್ನ ಪೆಟ್ಟಿಗೆಗೆ ಹೆಂಗಸರು ಅರಿಸಿನ ಕುಂಕುಮ ಹಚ್ಚಿ, ಹೂವು ಏರಿಸಿ, ಚಿಹ್ನೆಯೇ ಕಾಣದಂತೆ ಮಾಡಿದ್ದರು. ಅಧಿಕಾರಿ ಕರವಸ್ತ್ರದಿಂದ ಒರೆಸಿ ಒರೆಸಿ ಸಾಕಾಗಿದ್ದ. ನನ್ನ ಹಣೆಗೆ ಬೇಡವಾದದ್ದು ನನ್ನ ಪೆಟ್ಟಿಗೆಗೆ ಬೇಕಾಯಿತು. ಅಂತೂ ಗೆದ್ದೆ. ಬಿಳಿ ಸೀರೆಯಿಂದ ಗೆದ್ದದ್ದು ಎಂದು ಅಧ್ಯಕ್ಷರು ಹೇಳಿದರು. ತನ್ನ ಕುಂಕುಮದಿಂದ ಎಂದು ವೈನಿ ಹೇಳಿದಳು. ಓಣಿಯಲ್ಲಿ ನಿಂತವರನ್ನು ಯಾರೂ ಎಣಿಸಲಿಲ್ಲ.

ಅಸೆಂಬ್ಲಿಯ ಬಗ್ಗೆ ಹೆಚ್ಚು ಹೇಳುವುದಕ್ಕೇನಿಲ್ಲ. ಅಲ್ಲಿ ಮರಾಠಿ, ಗುಜರಾತಿ, ಕನ್ನಡ, ಇಂಗ್ಲಿಷ್ ನಾಲ್ಕೂ ನಡೆಯುತ್ತಿದ್ದವು. ನಾಲ್ಕರಲ್ಲೂ ಹೆಂಗಸಿನ ಮಾತಿಗೆ ಒಂದೇ ಉತ್ತರ, ಪರಿಶೀಲನೆಯಲ್ಲಿದೆ. ನಮ್ಮನ್ನೆಲ್ಲ ಒತ್ತಟ್ಟಿಗೆ ಕೂರಿಸಿದ್ದರು, ಲೋಕಲ್ಲಿನ ಲೇಡೀಸ್ ಡಬ್ಬಿಯ ಹಾಗೆ. ಗಿರಣಿ, ಬಂದರು, ತೆರಿಗೆ ಎಂದು ಎದ್ದರೆ ಗಂಡಸರು ಪಕ್ಕದವರ ಜೊತೆ ಮಾತಿಗೆ ತೊಡಗುತ್ತಿದ್ದರು. ಅನಾಥಾಲಯ, ಹೊಲಿಗೆ ಯಂತ್ರ, ಮಕ್ಕಳ ಹಾಲು ಎಂದರೆ ಮೇಜು ಕುಟ್ಟುತ್ತಿದ್ದರು. ನಾನು ಪ್ರತಿ ಅಧಿವೇಶನದಲ್ಲೂ ಹೆರಿಗೆ ಮನೆ ಎಂದೆ. ಒಂದು ವರ್ಷ ಜಾಗವಿಲ್ಲ ಎಂದರು. ಜಾಗ ತೋರಿಸಿದರೆ ನೀರಿಲ್ಲ ಎಂದರು. ನೀರಿನ ಪೈಪು ಬಂದ ಮೇಲೆ ಆರೋಗ್ಯ ಸಚಿವರು ಖುದ್ದು ಜಾಗ ನೋಡಲು ಬಂದು, ಮೂಗಿಗೆ ಕರವಸ್ತ್ರ ಒತ್ತಿಕೊಂಡು, ಈ ಚರ್ಮದ ವಾಸನೆ ಹಸುಗೂಸುಗಳಿಗೆ ಒಳ್ಳೆಯದಲ್ಲ ಎಂದು ಅಪ್ಪಣೆ ಕೊಡಿಸಿದರು. ಈಗಲೂ ಕೂಸುಗಳು ಇಲ್ಲೇ ಹುಟ್ಟುತ್ತಿವೆ ಸಾಹೇಬರೇ, ಬೇರೆ ಕಡೆ ಹುಟ್ಟಿರೆಂದರೆ ಕೇಳುವುದಿಲ್ಲ ಎಂದೆ. ಅವರಿಗೆ ಅದು ಹಿಡಿಸಲಿಲ್ಲ. ಅವರು ಒಪ್ಪಿದ ಮೇಲೂ ಕೆಳಗಿನ ಆಫೀಸರರು ವರ್ಷಗಟ್ಟಲೆ ತಿರುಗಿಸಿದರು. ದೇವರು ಕೊಟ್ಟರೂ ಪೂಜಾರಿ ಕೊಡ.

ಈ ನಡುವೆ ಪಕ್ಷ ನನ್ನನ್ನು ಎಲ್ಲೆಲ್ಲಿ ಕರೆಯುತ್ತದೆ, ಎಲ್ಲೆಲ್ಲಿ ಕರೆಯುವುದಿಲ್ಲ ಎಂಬುದು ನನಗೆ ಬಾಯಿಪಾಠವಾಯಿತು. ಸಂತಾಪ ಸಭೆಯೋ, ನನಗೆ ಮೊದಲ ಸಾಲಿನಲ್ಲಿ ಕುರ್ಚಿ. ಮಡಿದ ನಾಯಕರ ಭಾವಚಿತ್ರಕ್ಕೆ ಹಾರವೋ, ನನ್ನ ಕೈಯೇ ಆಗಬೇಕು. ಹೊಸ ಅಂಗಡಿ, ಹೊಸ ಶಾಲೆ, ಸಾಮೂಹಿಕ ಮದುವೆ ಇವಕ್ಕೆ ಮಾತ್ರ ನನಗೆ ಬರುವ ಕರೆಯಲ್ಲಿ ವೇಳೆ ಸದಾ ಒಂದು ತಾಸು ತಡವಾಗಿ ಇರುತ್ತಿತ್ತು. ಮೊದಮೊದಲು ಅಚ್ಚಿನ ತಪ್ಪೆಂದು ತಿಳಿದಿದ್ದೆ. ಆಮೇಲೆ ನಕ್ಕೆ. ಆಮೇಲೆ ನಗುವುದೂ ಬಿಟ್ಟೆ.

ಐದು ವರ್ಷ ತುಂಬುತ್ತ ಬಂದಾಗ, ನಮ್ಮ ಧಾರವಾಡ ಬಿಜಾಪುರಗಳೆಲ್ಲ ಮೈಸೂರು ರಾಜ್ಯಕ್ಕೆ ಸೇರಿ, ನನ್ನ ಪಕ್ಕದ ಕನ್ನಡದ ಸದಸ್ಯರು ಹಾಸಿಗೆ ಸುತ್ತಿಕೊಂಡು ಹೋದ ಮೇಲೆ, ಹೆರಿಗೆ ಮನೆ ಎದ್ದು ನಿಂತಿತು. ಸಣ್ಣದು, ಸುಣ್ಣ ಬಳಿದದ್ದು, ಹತ್ತಾರು ಮಂಚದ್ದು. ಮುಂದಿನ ಚುನಾವಣೆ ಹತ್ತಿರ ಬಂದಿತ್ತು, ಹಾಗಾಗಿ ಕೊನೆಯ ತಿಂಗಳ ಕೆಲಸ ಓಡಿ ಓಡಿ ಮುಗಿಯಿತು. ಅಜ್ಜಿಯ ಮಗನ ಮದುವೆಯೂ ಆಗಿ, ಸೊಸೆಗೆ ದಿನ ತುಂಬಿದ್ದವು. ಬೀದಿಯಲ್ಲಿ ನನ್ನನ್ನು ಕಂಡಾಗಲೆಲ್ಲ ಅಜ್ಜಿ ಒಂದೇ ಮಾತು ಕೇಳುತ್ತಿದ್ದಳು. "ಬಾಗಲಾ ಯಾವಾಗ ತಗೀತಾರ್ರಿ ಅಕ್ಕೋರ?"

ಉದ್ಘಾಟನೆಯ ದಿನ ಬೆಳಿಗ್ಗೆ ಅಧ್ಯಕ್ಷರು ಮನೆಗೆ ಬಂದರು. ಈ ಸಲ ಚಾಪೆಯಲ್ಲ, ನಮ್ಮ ಮನೆಯಲ್ಲೂ ಕುರ್ಚಿಗಳು ಬಂದಿದ್ದವು. ಕುರ್ಚಿಯ ತುದಿಯಲ್ಲಿ ಕೂತು ಕೈ ಹೊಸೆದುಕೊಂಡರು.

"ಟೀಚರೇ, ನೀವು ಬೇಜಾರು ಮಾಡಬಾರದು. ನನಗೆ ಇದರಲ್ಲೆಲ್ಲ ನಂಬಿಕೆ ಇಲ್ಲ, ನಿಮಗೆ ಗೊತ್ತುಂಟಲ್ಲ? ಆದರೆ ಜನ ಉಂಟಲ್ಲ, ಜನ. ಹೆರಿಗೆ ಮನೆ ನೋಡಿ, ಶುಭದ್ದು. ಮೊದಲ ಕಾಲು ಮುತ್ತೈದೆಯದ್ದು ಬೀಳಲಿ ಅಂತ. ಸಚಿವರ ಹೆಂಡತಿ ಬಂದು ರಿಬ್ಬನ್ ಕಟ್ ಮಾಡ್ತಾರೆ. ಅದಾದ ಮೇಲೆ ನೀವು ಬನ್ನಿ."

"ಆ ಕಟ್ಟಡಕ್ಕಂತ ಐದು ವರ್ಷ ಆಫೀಸು ಆಫೀಸು ತಿರುಗಿದ ಕಾಲು ಯಾರವರಿ?" ಎಂದೆ.

"ನಿಮ್ಮದೇ, ನಿಮ್ಮದೇ. ಅದಕ್ಕೇ ಹೇಳುದು, ಇವತ್ತು ಅದಕ್ಕೆ ಸ್ವಲ್ಪ ರೆಸ್ಟ್ ಕೊಡಿ" ಎಂದರು ಆ ಪುಣ್ಯಾತ್ಮ.

ಒಳಗಿನಿಂದ ವೈನಿ ಸೌಟು ನೆಲಕ್ಕೆ ಕುಕ್ಕಿದ ಸದ್ದಾಯಿತು. ನನಗೆ ಸಿಟ್ಟು ನೆತ್ತಿಗೇರಿತ್ತು, ಆದರೆ ಕೂಗಾಡಿ ಪ್ರಯೋಜನವಿರಲಿಲ್ಲ. ಬಾಗಿಲು ತೆರೆಯುವುದು ಮುಖ್ಯ, ಯಾರ ಕೈಯಾದರೇನು ಎಂದು ಮನಸ್ಸಿಗೆ ಹೇಳಿಕೊಂಡೆ. ಮನಸ್ಸು ಕೇಳಲಿಲ್ಲ. ಆದರೂ ಮನೆಯಲ್ಲಿ ಕೂರಲಾಗದೆ ಹೋದೆ. ರಸ್ತೆಯ ಈಚೆ, ಚಪ್ಪಲಿ ಹೊಲಿಯುವವನ ಗೂಡಂಗಡಿಯ ನೆರಳಲ್ಲಿ ನಿಂತೆ. ನಾನೇ ಬೇಡಿ ಕಟ್ಟಿಸಿದ ಮನೆಯನ್ನು ದೂರದಿಂದ ನೋಡಿದೆ.

ಎದುರು ಪೆಂಡಾಲು, ಬಾಳೆಕಂಬ, ಬ್ಯಾಂಡಿನವರು. ಮುಂಬಾಗಿಲಿಗೆ ಅಡ್ಡ ಕೆಂಪು ರಿಬ್ಬನ್. ಅದನ್ನು ಕಾಯಲು ಎದೆಗೆ ಬ್ಯಾಡ್ಜ್ ಸಿಕ್ಕಿಸಿಕೊಂಡ ಕಾರ್ಯಕರ್ತರು. ಸಚಿವರ ಕಾರು ಮಾತ್ರ ಬಂದಿರಲಿಲ್ಲ. ಮುಹೂರ್ತ ಮೀರುತ್ತಿದೆಯೆಂದು ಭಟ್ಟರು ಪೇಚಾಡುತ್ತಿದ್ದರು. ಅಷ್ಟರಲ್ಲಿ ಜನರ ನಡುವಿನಿಂದ ಒಂದು ಕೈಗಾಡಿ ಬಂತು. ತಳ್ಳುತ್ತಿದ್ದವನು ಅಜ್ಜಿಯ ಮಗ. ಮೇಲೆ ಸೊಸೆ ಮಲಗಿ, ತುಟಿ ಕಚ್ಚಿಕೊಂಡು ಗಾಡಿಯ ಅಂಚನ್ನು ಹಿಡಿದಿದ್ದಳು. ಪಕ್ಕದಲ್ಲಿ ಅಜ್ಜಿ ಓಡುತ್ತಿದ್ದಳು. ಆ ಕೈಗಾಡಿ ನೋಡಿದ್ದೇ ನಾನು ನೆರಳು ಬಿಟ್ಟು ರಸ್ತೆಯ ಅಂಚಿಗೆ ಬಂದೆ.

ಕಾರ್ಯಕರ್ತರು ರಿಬ್ಬನ್ನಿನ ಮುಂದೆ ಅಡ್ಡ ನಿಂತರು. "ಆಜ್ ಬಂದ್ ಹೈ. ಕಲ್ ಆನಾ" ಎಂದ ಒಬ್ಬ. ನೋವು ಬಂದು ಹಲ್ಲು ಕಚ್ಚುತ್ತಿರುವ ಹೆಂಗಸಿಗೆ, ಹೆರಿಗೆ ಮನೆಯ ಬಾಗಿಲಲ್ಲಿ, ನಾಳೆ ಬಾ ಎಂದ.

ನಾನು ರಸ್ತೆ ದಾಟಿ ಹೋದೆ. ನನ್ನನ್ನು ನೋಡಿ ಅಧ್ಯಕ್ಷರ ಮುಖ ಸುಟ್ಟ ಬದನೆಕಾಯಿಯಾಯಿತು. ಗಡಿಯಾರ ನೋಡಿಕೊಂಡು, "ಎಂತ ಟೀಚರೇ ಇದು, ಇನ್ನು ಅರ್ಧ ಗಂಟೆ ಅಷ್ಟೆ. ಅಷ್ಟು ತಡ್ಕೊಳ್ಳಲಿಕ್ಕೆ ಆಗುದಿಲ್ವಾ ಇವರಿಗೆ?" ಎಂದರು.

"ಊರಾಗ ನಿಮ್ಮ ತಾಯಿ ಅದಾರಲ್ಲ, ಅವರನ್ನ ಕೇಳ್ರಿ, ನಿಮ್ಮನ್ನ ಹಡಿಯೋ ಮುಂದ ಯಾವ ಮಂತ್ರಿ ಬರೋತನಕಾ ತಡಕೊಂಡಿದ್ರು ಅಂತ" ಎಂದೆ.

ಹಾಗೆನ್ನುತ್ತಲೇ ಗಾಡಿಯನ್ನು ತಿರುಗಿಸಿ ಕಟ್ಟಡದ ಹಿಂದಕ್ಕೆ ತಳ್ಳಿದೆವು. ಆ ಕಟ್ಟಡದ ಒಂದೊಂದು ಗೋಡೆಯೂ ಏಳುವುದನ್ನು ನಿಂತು ನೋಡಿದವಳು ನಾನು. ಹಿಂದಿನ ಓಣಿಯಲ್ಲಿ ಕಸ ಗುಡಿಸುವವರು ಬಂದು ಹೋಗಲೆಂದು ಒಂದು ಸಣ್ಣ ಬಾಗಿಲಿತ್ತು. ಅದಕ್ಕೆ ರಿಬ್ಬನ್ ಇರಲಿಲ್ಲ. ಯಾವ ಮುಹೂರ್ತವೂ ಇರಲಿಲ್ಲ. ಬಡಿದೆ. ಮಂಗಳೂರಿನ ಕ್ರಿಶ್ಚಿಯನ್ ನರ್ಸಮ್ಮ ಬಾಗಿಲು ತೆರೆದಳು.

"ಉದ್ಘಾಟನೆ ಆಗದೆ ಕೇಸು ತಗೊಳ್ಳಬಾರದು ಅಂತ ಹೇಳಿದ್ದಾರೆ ಬಾಯಿ" ಎಂದು ಶುರುಮಾಡಿದವಳು, ಗಾಡಿಯ ಮೇಲಿದ್ದವಳ ಮುಖ ನೋಡಿ ಮಾತು ನಿಲ್ಲಿಸಿದಳು. "ಬಿಸಿನೀರು ಉಂಟು. ಬೇಗ ತನ್ನಿ ಒಳಗೆ" ಎಂದಳು.

ಹೆರಿಗೆ ಕೋಣೆಗೆ ಗಂಡಸು ಬರಬಾರದೆಂದು ಮಗ ಓಣಿಯಲ್ಲೇ ನಿಂತ. ನಾನು ತಲೆಯ ಕಡೆ, ಅಜ್ಜಿ ಕಾಲಿನ ಕಡೆ ಹಿಡಿದು ಎತ್ತಿಕೊಂಡು ಒಳಗೆ ಹೋದೆವು. ಆ ಹೆರಿಗೆ ಮನೆಯ ಹೊಸ್ತಿಲನ್ನು ಹೆರಿಗೆಗೆಂದು ಮೊದಲು ದಾಟಿದ್ದು ಇಬ್ಬರು ವಿಧವೆಯರ ಕಾಲು. ಆಗ ಅದು ನೆನಪಿಗೂ ಬರಲಿಲ್ಲ, ಅಷ್ಟು ಅವಸರ.

ಒಳಗೆ ನೋವು, ಹೊರಗೆ ಬ್ಯಾಂಡು. ಕಾರು ಬಂದದ್ದು ನಮಗೆ ಚಪ್ಪಾಳೆಯಿಂದ ಗೊತ್ತಾಯಿತು. ಧ್ವನಿವರ್ಧಕದಲ್ಲಿ ಅಧ್ಯಕ್ಷರ ಭಾಷಣ ಹತ್ತಿತು. ಮಹಾಲಕ್ಷ್ಮಿಯಂಥ ತಾಯಿಯ ಪಾದಸ್ಪರ್ಶದಿಂದ ಈ ಮಂದಿರದ ಬಾಗಿಲು ಇದೀಗ ತೆರೆಯಲಿದೆ ಎಂದು ಅವರು ರಾಗ ಎಳೆಯುತ್ತಿದ್ದಾಗ ಕೂಸು ಹುಟ್ಟಿತು. ಹೆಣ್ಣು. ನರ್ಸಮ್ಮ ಅದನ್ನು ಒರೆಸಿ, ಬಟ್ಟೆ ಸುತ್ತಿ, ಅಜ್ಜಿಯ ಎರಡೂ ಕೈಗಳನ್ನು ಸೊಸೆ ಬಿಗಿಯಾಗಿ ಹಿಡಿದಿದ್ದರಿಂದ ನನ್ನ ಕೈಗೆ ಕೊಟ್ಟಳು. ಎಂಥ ದನಿ ಆ ಕೂಸಿನದು! ಅಧ್ಯಕ್ಷರ ಧ್ವನಿವರ್ಧಕವನ್ನೇ ಮೀರಿಸಿತು. ಒಬ್ಬ ಕಾರ್ಯಕರ್ತ ಹಿಂಬಾಗಿಲಿಗೆ ಓಡಿಬಂದು, "ಬಚ್ಚೇ ಕೋ ಚುಪ್ ಕರಾವೋ, ಭಾಷಣ್ ಚಾಲೂ ಹೈ" ಎಂದು, ಭಾಷಣ ಮುಗಿಯುವ ತನಕ ಕೂಸಿನ ಬಾಯಿ ಮುಚ್ಚಿಸಲು ಗದರಿ ಹೋದ. ಇಂಥ ದೇಶೋದ್ಧಾರಕರ ಕೈಗೆ ನಾವು ಸ್ವಾತಂತ್ರ್ಯ ಕೊಟ್ಟಿದ್ದೇವೆ.

ರಿಬ್ಬನ್ ಕತ್ತರಿಸಿ ಎಲ್ಲರೂ ಒಳಗೆ ಬಂದರು. ಸಚಿವರ ಹೆಂಡತಿ ಕೆಟ್ಟವರಲ್ಲ, ದುಂಡುಮುಖದ ಸಾಧು ಹೆಂಗಸು. ಕೂಸನ್ನು ನೋಡಿ ಗಾಬರಿಯಾಗಿ, ಇದು ಯಾರದು ಎಂದು ಕೇಳಿದರು. ಅಧ್ಯಕ್ಷರು ಒಂದು ಗಳಿಗೆ ಮಾತ್ರ ತಬ್ಬಿಬ್ಬಾದರು. ಹೋಟೆಲು ನಡೆಸುವವರು, ಹಳಸಿದ್ದನ್ನು ಬಿಸಿಮಾಡಿ ಬಡಿಸುವುದು ಅವರಿಗೆ ಗೊತ್ತು.

"ನೋಡಿ, ನೋಡಿ! ಅಮ್ಮನವರು ಕಾಲಿಟ್ಟರು, ಮನೆಗೆ ಲಕ್ಷ್ಮಿ ಹುಟ್ಟಿಬಂದಳು! ಎಂಥ ಕಾಲ್ಗುಣ ಮಾರ್ರೆ!" ಎಂದು ಕೂಗಿದರು.

"ಕೂಸು ಆಗ್ಲೇ ಹುಟ್ಟೈತ್ರೀ ಯಪ್ಪಾ" ಎಂದಳು ಅಜ್ಜಿ. ಬ್ಯಾಂಡಿನವರ ಗದ್ದಲದಲ್ಲಿ ಅದು ಯಾರಿಗೂ ಕೇಳಿಸಲಿಲ್ಲ. ಕೂಸನ್ನು ನನ್ನ ಕೈಯಿಂದ ತೆಗೆದು ಸಚಿವರ ಹೆಂಡತಿಗೆ ಕೊಟ್ಟರು. ಫೋಟೋದವನು ಕೈ ಬೀಸಿ ನನ್ನನ್ನು ಪಕ್ಕಕ್ಕೆ ಸರಿಸಿದ. ಮರುದಿನ ಪೇಪರಿನಲ್ಲಿ ಆ ಫೋಟೋ ಬಂತು, ಕಾಲ್ಗುಣದ ಕಥೆಯೂ ಬಂತು. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸುವವರನ್ನು ನೋಡಿದ್ದೆ. ಕೂಸು ಹುಟ್ಟಿದ ಮೇಲೆ ಬಂದು ತಾವೇ ಹೆತ್ತೆವೆನ್ನುವವರನ್ನು ಅಂದು ನೋಡಿದೆ.

ಅದೇ ವಾರ ಮುಂದಿನ ಚುನಾವಣೆಯ ಟಿಕೇಟು ತೀರ್ಮಾನವಾಯಿತು. ನನ್ನ ಕ್ಷೇತ್ರ ಸಚಿವರ ಹೆಂಡತಿಗೆ. ಅಷ್ಟು ಒಳ್ಳೆಯ ಕಾಲ್ಗುಣದವರನ್ನು ಮನೆಯಲ್ಲಿ ಕೂರಿಸುವುದುಂಟೇ? ನನಗೆ ಹೇಳಿ ಕಳಿಸಿದ ಕಾರಣ ಶಿಸ್ತಿನ ಕೊರತೆ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ? ನಾನು ಯಾರನ್ನೂ ಹೋಗಿ ಕೇಳಲಿಲ್ಲ. ಸಂಕಟವಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಬಹಳ ಆಯಿತು. ಶಾಲೆಯವರು ಮತ್ತೆ ಕೆಲಸಕ್ಕೆ ಬನ್ನಿ ಎಂದಿದ್ದರು, ಹೂಂ ಎಂದೆ.

ಕೆಲಸಕ್ಕೆ ಸೇರುವ ಹಿಂದಿನ ದಿನ ಅಜ್ಜಿ ಬಂದು ಕೂಸನ್ನು ತೊಟ್ಟಿಲಿಗೆ ಹಾಕುವುದಕ್ಕೆ ಕರೆದಳು. ಪಕ್ಷದ ದಿರಿಸೇ ಅಭ್ಯಾಸವಾಗಿತ್ತು, ಬಿಳಿ ಸೀರೆ ಉಟ್ಟುಕೊಂಡೇ ಹೋದೆ. ಗುಡಿಸಲ ತುಂಬ ಹೆಂಗಸರು, ಯಾರಿಂದಲೋ ಎರವಲು ತಂದ ತೊಟ್ಟಿಲು, ಬೇಯಿಸಿದ ಕಡಲೆಯ ವಾಸನೆ. ನಾನು ಬಾಗಿಲ ಹತ್ತಿರ ಕೂತೆ. ಹಾಡು ಶುರುವಾಗಬೇಕು, ಅಷ್ಟರಲ್ಲಿ ಅಜ್ಜಿ ಕೂಸನ್ನು ಎತ್ತಿಕೊಂಡು ನನ್ನ ಮುಂದೆ ಬಂದು ನಿಂತಳು.

"ಏಳ್ರಿ ಅಕ್ಕೋರ. ತೊಟ್ಲಾಗ ನೀವ ಹಾಕ್ರಿ."

"ನಾ ಬ್ಯಾಡ. ಮುತ್ತೈದೇರು ಯಾರರೆ ಹಾಕಲಿ. ಶುಭದ್ದು" ಎಂದೆ.

ಆ ಮಾತು ಬಂದದ್ದು ನನ್ನ ಬಾಯಿಂದ. ಅಧ್ಯಕ್ಷರಿಂದಲ್ಲ, ಅತ್ತೆಯವರಿಂದಲ್ಲ. ಐದು ವರ್ಷ ಅವರನ್ನೆಲ್ಲ ಮನಸ್ಸಿನಲ್ಲಿ ಜಾಡಿಸಿದ ನಾನು ಎರಡೂ ಕೈ ಹಿಂದಕ್ಕೆ ಎಳೆದುಕೊಂಡು ಕೂತಿದ್ದೆ. ಈ ಕೂಸಿಗೆ ಏನಾದರೂ ಆದರೆ ಎಂಬ ಅಂಜಿಕೆ ನನ್ನೊಳಗೂ ಇತ್ತು.

ಅಜ್ಜಿ ನನ್ನನ್ನು ಮೇಲೆ ಕೆಳಗೆ ನೋಡಿದಳು. "ಅಸೆಂಬ್ಲ್ಯಾಗ ಅಷ್ಟು ಗಂಡಸರ ಮುಂದ ಒದರಿ ಬಂದ್ರಿ, ಒಂದು ಕೂಸಿಗೆ ಅಂಜತೀರೇನ್ರಿ? ಇದು ಹುಟ್ಟಿದ್ದ ಮುಂಡೇರ ಕೈಯಾಗ. ನಾ ಹಿಡಕೊಂಡೆ, ನೀವು ಎತ್ತಕೊಂಡ್ರಿ. ಏನಾಗೇತಿ ಇದಕ್ಕ? ನೋಡ್ರಿ, ಹ್ಯಾಂಗ ಒದಿತೈತಿ!" ಎಂದು ನನ್ನ ಮಡಿಲಿಗೆ ಹಾಕಿಯೇ ಬಿಟ್ಟಳು.

ಕೂಸು ನಿಜಕ್ಕೂ ಒದೆಯುತ್ತಿತ್ತು. ಎದೆಗೆ ಅವಚಿಕೊಂಡು ಎದ್ದೆ. ಕಣ್ಣು ಮಂಜಾಗಿ ತೊಟ್ಟಿಲು ಸರಿಯಾಗಿ ಕಾಣಲಿಲ್ಲ. ಬಗ್ಗಿ ಮಲಗಿಸುವಷ್ಟರಲ್ಲಿ ಅದು ನನ್ನ ಸೀರೆಯ ಮೇಲೆ ಎದೆಯಿಂದ ನೆರಿಗೆಯ ತನಕ ಉಚ್ಚೆ ಹೊಯ್ದಿತು. ಪಕ್ಷ ಐದು ವರ್ಷ ಒಂದು ಕಲೆ ಬೀಳದಂತೆ ಜೋಪಾನ ಮಾಡಿದ ಬಿಳಿ ಸೀರೆ. ಹೆಂಗಸರು ಬಿದ್ದು ಬಿದ್ದು ನಕ್ಕರು, ನಾನೂ ನಕ್ಕೆ, ಹಾಡು ಶುರುವಾಯಿತು.

ಮರುದಿನ ತಿಳಿನೀಲಿ ಸೀರೆ ಉಟ್ಟುಕೊಂಡು ಶಾಲೆಗೆ ಹೋದೆ.